ಕವಿಸಮಯದ ಹಕ್ಕಿ, ಹಿತ್ತಿಲಿನ ಹಕ್ಕಿ

ನಮ್ಮ ಕಾವ್ಯಮೀಮಾಂಸೆಯಲ್ಲಿ ಕವಿಸಮಯ ಎಂಬ ಒಂದು ಮಾತಿದೆ. ಲೋಕದಲ್ಲಿ ಇರಲಿ, ಇಲ್ಲದಿರಲಿ, ಕವಿಗಳು ತಮ್ಮತಮ್ಮಲ್ಲೇ ಒಪ್ಪಿಕೊಂಡು ಬಂದ ಸಂಗತಿಗಳಿಗೆ ಆ ಹೆಸರು. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ, ಚಕೋರ ಬೆಳದಿಂಗಳನ್ನು ಕುಡಿದು ಬದುಕುತ್ತದೆ, ಚಾತಕ ಮಳೆಹನಿಯನ್ನಲ್ಲದೆ ಬೇರೆ ನೀರು ಮುಟ್ಟುವುದಿಲ್ಲ, ಕೋಗಿಲೆ ವಸಂತ ಬಂದರೆ ಮಾತ್ರ ಹಾಡುತ್ತದೆ. ಶಾಲೆಯಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿದ ನಮ್ಮಲ್ಲಿ ಯಾರೂ ‘ಚಕೋರವನ್ನು ಎಲ್ಲಿ ನೋಡಬಹುದು ಸಾರ್?’ ಎಂದು ಕೇಳಲಿಲ್ಲ. ಕಾವ್ಯದ ಹಕ್ಕಿಯನ್ನು ಕಣ್ಣಾರೆ ನೋಡಬೇಕೆಂಬ ಹಟ ಅರಸಿಕರದು ಎಂದು ಆ ವಯಸ್ಸಿಗೇ ನಮಗೆ ತಿಳಿದುಹೋಗಿತ್ತು.

ಈ ಹಕ್ಕಿಗಳು ಕಾವ್ಯದೊಳಗೇ ಹಾರಾಡಿಕೊಂಡಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಆದರೆ ಅವು ಅಲ್ಲಿಂದ ಇಳಿದು ನಮ್ಮ ಮೈಮೇಲೆ ಬಂದು ಕೂತಿವೆ. ಹೆಣ್ಣಿನ ದನಿ ಕೋಗಿಲೆಯದು, ನಡಿಗೆ ಹಂಸದ್ದು, ಮಾತು ಅರಗಿಣಿಯದು, ಕಾಯುವುದು ಚಾತಕದ ಹಾಗೆ. ಮದುವೆಯ ಹಸೆಹಾಡಿನಿಂದ ಸಿನಿಮಾ ಹಾಡಿನವರೆಗೆ, ಅಲ್ಲಿಂದ ಮಾಸಿಕಗಳ ಕಥೆಗಳವರೆಗೆ ಇದೇ ನಾಲ್ಕೈದು ಹಕ್ಕಿಗಳ ಸಂತೆ. ಇದರಿಂದ ಎರಡು ನಷ್ಟವಾಗಿದೆ ಎಂದು ನನಗೆ ಅನ್ನಿಸುತ್ತದೆ. ಹಕ್ಕಿ ಕಾಣದೇ ಹೋಯಿತು. ಹಕ್ಕಿಗೆ ಹೋಲಿಸಲ್ಪಟ್ಟ ಹೆಣ್ಣೂ ಕಾಣದೇ ಹೋದಳು. ಈ ಮಾತನ್ನು ಪರೀಕ್ಷಿಸಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಅಡುಗೆಮನೆಯ ಕಿಟಕಿ, ಹಿತ್ತಿಲಿನ ಒಂದು ನುಗ್ಗೆ ಮರ, ಆಚೆಗೊಂದು ಖಾಲಿ ನಿವೇಶನ, ಮತ್ತು ಒಂದು ಸಂವತ್ಸರ ಸಾಕು.

ಯುಗಾದಿಯಿಂದಲೇ ಶುರುಮಾಡೋಣ. ಬೇವು ಹೂಬಿಡುವ ಹೊತ್ತಿಗೆ ಕೋಗಿಲೆ ಕೂಗುತ್ತದೆ, ಅದು ನಿಜ. ಆದರೆ ಕುಹೂ ಎಂದು ಸ್ವರ ಏರಿಸುತ್ತ ಕೂಗುವುದು ಗಂಡು, ಕೆಂಪು ಕಣ್ಣಿನ ಕಪ್ಪು ಹಕ್ಕಿ. ಹೆಣ್ಣು ಕಂದುಬಣ್ಣದ್ದು, ಮೈತುಂಬ ಬಿಳಿಯ ಚುಕ್ಕಿ. ಅದರ ದನಿ ಕಿಕ್ ಕಿಕ್ ಕಿಕ್ ಎಂಬ ಚೀರಾಟ. ಅದನ್ನು ಯಾವ ಗಾಯಕಿಗೂ ಬಿರುದಾಗಿ ಕೊಡುವಂತಿಲ್ಲ! ಇನ್ನು ಈ ಹಕ್ಕಿ ಬಾಯಿ ತೆರೆಯುವುದು ಮಾವಿನ ಚಿಗುರು ತಿಂದ ಸಂತೋಷಕ್ಕೂ ಅಲ್ಲ. ಅದಕ್ಕೆ ಸ್ವಂತ ಗೂಡಿಲ್ಲ, ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಕಾಗೆ ಗೂಡು ಕಟ್ಟುವ ಕಾಲವೇ ಕೋಗಿಲೆ ಕೂಗುವ ಕಾಲ. ಅದು ವಸಂತಕ್ಕೆ ನಿಲ್ಲುವುದಿಲ್ಲ, ಆಷಾಢ ಕಳೆದು ಶ್ರಾವಣದವರೆಗೂ ನಡೆಯುತ್ತದೆ. ಚಳಿಗಾಲದಲ್ಲಿ ಅದು ಎಲ್ಲಿಗೂ ಹೋಗಿರುವುದಿಲ್ಲ, ಅದೇ ಆಲದ ಮರದಲ್ಲಿ ಹಣ್ಣು ತಿನ್ನುತ್ತ ಸುಮ್ಮನೆ ಇರುತ್ತದೆ. ನಮಗೆ ದನಿ ಕೇಳದಿದ್ದರೆ ಹಕ್ಕಿಯೇ ಇಲ್ಲ ಎಂದು ತಿಳಿಯುತ್ತೇವೆ, ಅಷ್ಟೆ.

ಹೀಗಿರುವಾಗ ಈ ಕಥೆಯಲ್ಲಿ ನಿಜವಾದ ತಾಯಿ ಯಾರು? ಕಾಗೆ. ತನ್ನದಲ್ಲದ ಮರಿಗೆ ಗುಟುಕು ಕೊಟ್ಟು ಬೆಳೆಸುವ, ಪಿತೃಪಕ್ಷದ ದಿನವೊಂದನ್ನು ಬಿಟ್ಟರೆ ಯಾರೂ ಕರೆದು ಅನ್ನ ಹಾಕದ ಕಾಗೆ. ಕವಿಗಳು ಅದನ್ನು ಕೋಗಿಲೆಯ ಪಕ್ಕದಲ್ಲಿ ನಿಲ್ಲಿಸಿ ಕರ್ಕಶ ಎಂದು ಹಳಿದರು. ಒಬ್ಬರನ್ನು ಮಾತ್ರ ಇಲ್ಲಿ ಬೇರೆಯಾಗಿ ನೆನೆಯಬೇಕು. ಹನ್ನೆರಡನೆಯ ಶತಮಾನದ ಬಸವಣ್ಣನವರು ಅನ್ನ ಕಂಡ ಕಾಗೆ ತನ್ನ ಬಳಗವನ್ನೆಲ್ಲ ಕೂಗಿ ಕರೆಯುವುದನ್ನು ವಚನದಲ್ಲಿ ತಂದು, ಭಕ್ತನಿಗೆ ಅದಕ್ಕಿಂತ ಕಡಿಮೆಯ ಗುಣವಿದ್ದರೆ ಹೇಗೆ ಎಂದು ಕೇಳಿದರು. ಅದು ಗ್ರಂಥ ನೋಡಿ ಬರೆದ ಉಪಮೆಯಲ್ಲ, ಅಂಗಳ ನೋಡಿ ಬರೆದದ್ದು. ನೀವು ಇವತ್ತು ಮಧ್ಯಾಹ್ನ ಕಾಂಪೌಂಡಿನ ಮೇಲೆ ಒಂದು ಹಿಡಿ ಅನ್ನವಿಟ್ಟು ನೋಡಿದರೆ ಅದು ಹಾಗೆಯೇ ನಡೆಯುತ್ತದೆ. ಎಂಟುನೂರು ವರ್ಷ ಕಳೆದರೂ ಹಳಸದ ಉಪಮೆಯ ಗುಟ್ಟು ಅಲ್ಲಿದೆ.

ಬೇಸಿಗೆಯ ಹಕ್ಕಿ ಎಂದರೆ ಗಿಳಿ. ಪೇರಲ, ಮಾವುಗಳ ಮೇಲೆ ಕಿರುಚುತ್ತ ಬಂದು ತಿಂದದ್ದಕ್ಕಿಂತ ಹೆಚ್ಚು ಉದುರಿಸಿ ಹೋಗುವ ಪುಂಡರ ಗುಂಪು. ನಮ್ಮ ಕಥೆಗಳಲ್ಲಿ ಮಾತ್ರ ಗಿಳಿ ಎಂದರೆ ಪಂಜರದ ಗಿಳಿಯೇ. ಎಪ್ಪತ್ತು, ಎಂಬತ್ತರ ದಶಕಗಳ ಮಾಸಿಕಗಳನ್ನು ತಿರುವಿದರೆ, ಮದುವೆಯಾದ ಹುಡುಗಿ ಕಿಟಕಿಯ ಸರಳು ಹಿಡಿದು ನಿಲ್ಲುವ, ಪಕ್ಕದಲ್ಲಿ ಒಂದು ಪಂಜರ ತೂಗುವ ಕಥೆಗಳಿಗೆ ಲೆಕ್ಕವಿಲ್ಲ. ಕೊನೆಗೆ ಪಂಜರದ ಬಾಗಿಲು ತೆರೆದರೆ ಗಿಳಿ ಹಾರುತ್ತದೆ, ಹುಡುಗಿ ಹಾರುವುದಿಲ್ಲ. ಓದುಗರು ನಿಟ್ಟುಸಿರು ಬಿಡುತ್ತಾರೆ. ಆ ಸಂಕಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಬಂದ ಕಥೆಗೆಲ್ಲ ಒಂದೇ ಪಂಜರ ಹೊಂದುತ್ತದೆ ಎಂದರೆ ಅದು ಯಾರ ಸಂಕಟವನ್ನೂ ಸರಿಯಾಗಿ ಅಳೆದಿಲ್ಲ ಎಂದೇ ಅರ್ಥ. ತ್ರಿವೇಣಿಯವರ ‘ಶರಪಂಜರ’ವನ್ನು ನೋಡಿ. ಅಲ್ಲಿಯೂ ಪಂಜರವಿದೆ, ಆದರೆ ಗಿಳಿಯ ಹಂಗಿಲ್ಲ. ಬಾಣಂತಿಯ ಮನೋರೋಗದಿಂದ ಗುಣವಾಗಿ ಮನೆಗೆ ಬಂದವಳನ್ನು ಸುತ್ತಲಿನವರ ಮಾತು, ನೋಟಗಳೇ ಬಾಣಗಳಾಗಿ ಸುತ್ತುವರಿಯುತ್ತವೆ. ಆ ಪಂಜರ ಆ ಹೆಣ್ಣಿನದು ಮಾತ್ರ, ಎರವಲು ತಂದದ್ದಲ್ಲ. ಹಾಗೆಯೇ ಇನ್ನೊಂದು ಮಾತು. ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಥೆಯಲ್ಲಿ ಗಿಳಿಯ ಪಾಡಿಗೆ ಅತ್ತು, ಸಂತೆಯಲ್ಲಿ ಗಿಳಿಮರಿ ಕೊಳ್ಳುವ ಮನೆಗಳು ಇನ್ನೂ ಇವೆ.

ಸೆರೆಯ ರೂಪಕವೇ ಬೇಕಿದ್ದವರು ಮಂಗಟ್ಟೆಯನ್ನು ನೋಡಬಹುದಿತ್ತು. ದೊಡ್ಡ ಕೊಕ್ಕಿನ ಈ ಹಕ್ಕಿ ಮಲೆನಾಡಿನಲ್ಲಷ್ಟೇ ಅಲ್ಲ, ಹಳೆಯ ಆಲ, ಅರಳಿ ಮರಗಳುಳ್ಳ ಬಯಲುಸೀಮೆಯ ಊರುಗಳಲ್ಲೂ ಇದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಒಂದು ಸಣ್ಣ ಸೀಳನ್ನು ಉಳಿಸಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಆ ಸೀಳಿನಿಂದ ಹಣ್ಣು ಕೊಡುತ್ತದೆ. ಇದನ್ನು ಕಂಡವರು ‘ಗಂಡ ಹೆಂಡತಿಯನ್ನು ಕೂಡಿಹಾಕಿದ್ದಾನೆ’ ಎಂದರು. ಆದರೆ ಒಳಗಿನಿಂದ ತನ್ನ ಹಿಕ್ಕೆಯನ್ನೇ ಗಾರೆಯಾಗಿ ಮೆತ್ತಿ ಬಾಗಿಲು ಮುಚ್ಚುವವಳು ಅವಳೇ. ಆ ಭದ್ರತೆಯೊಳಗೆ ಹಳೆಯ ರೆಕ್ಕೆಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತಾಳೆ. ಸಮಯ ಬಂದಾಗ ಗೋಡೆ ಒಡೆದು ಹೊರಬರುವವಳೂ ಅವಳೇ. ಇದು ಸೆರೆಯೋ, ಕೋಟೆಯೋ? ಇಲ್ಲಿ ನೀತಿಪಾಠ ಹುಡುಕಬೇಡಿ. ನೋಡದೆ ಬಳಸಿದ ರೂಪಕಕ್ಕೂ ನೋಡಿ ಕಂಡ ಸಂಗತಿಗೂ ಎಷ್ಟು ದೂರವಿದೆ ಎಂಬುದಕ್ಕೆ ಇದನ್ನು ಹೇಳಿದೆ.

ಮುಂಗಾರಿನ ಹಕ್ಕಿ ಚಾತಕ. ಕಪ್ಪು ಬಿಳುಪಿನ, ಜುಟ್ಟಿನ ಈ ಕೋಗಿಲೆಯ ಬಂಧುವಿನ ವಿಷಯದಲ್ಲಿ ಕವಿಗಳು ಅರ್ಧ ನಿಜ ಹೇಳಿದ್ದಾರೆ. ದಕ್ಷಿಣದಲ್ಲಿ ವರ್ಷವಿಡೀ ಇರುವ ಚಾತಕಗಳೂ ಇವೆ. ಆದರೆ ಉತ್ತರ ಮತ್ತು ಮಧ್ಯ ಭಾರತಕ್ಕೆ ಇದು ಮುಂಗಾರಿನ ಜೊತೆಯಲ್ಲೇ ಆಫ್ರಿಕಾದಿಂದ ಹಾರಿಬರುತ್ತದೆ. ಮಳೆಗೂ ಅದಕ್ಕೂ ಸಂಬಂಧವಿದೆ ಎಂದು ಯಾರೋ ಹಿಂದೆ ಕಣ್ಣಿಟ್ಟು ನೋಡಿಯೇ ಹೇಳಿರಬೇಕು. ಆಮೇಲೆ ಬಂದವರು ನೋಡುವುದನ್ನು ಬಿಟ್ಟು ಹೇಳುವುದನ್ನು ಮಾತ್ರ ಮುಂದುವರಿಸಿದರು. ಮಳೆಹನಿಗೆ ಬಾಯಿ ತೆರೆದು ಒಣಗುವ ವಿರಹಿಣಿ ಅದಲ್ಲ. ಕಂಬಳಿಹುಳುಗಳನ್ನು ಹೊಟ್ಟೆತುಂಬ ತಿಂದು, ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಟ್ಟು ಹಾರಿಹೋಗುವ ಜಾಣೆ.

ಹರಟೆಮಲ್ಲನ ಹೆಸರಿನ ಕಥೆಯೂ ಸ್ವಾರಸ್ಯದ್ದು. ಬೇಲಿಯ ಬುಡದಲ್ಲಿ ಆರೇಳು ಒಟ್ಟಿಗೆ ಕುಪ್ಪಳಿಸುತ್ತ, ಒಂದೇ ಸಮನೆ ಗದ್ದಲ ಮಾಡುತ್ತ, ಎಲೆ ತಿರುವಿ ಹುಳು ಹುಡುಕುವ ಮಣ್ಣುಬಣ್ಣದ ಹಕ್ಕಿಗಳು ಇವು. ಇಂಗ್ಲಿಷರು ಇವನ್ನು ಏಳು ಅಕ್ಕತಂಗಿಯರು ಎಂದರು. ಹಿಂದಿಯವರು ಅದೇ ಹಕ್ಕಿಯನ್ನು ಏಳು ಅಣ್ಣತಮ್ಮಂದಿರು ಎಂದರು. ಕನ್ನಡದವರು ಮಲ್ಲ ಎಂದರು. ಗುಂಪು ಕೂಡಿ ಮಾತಾಡುವುದು ಹೆಂಗಸರ ಜಾಯಮಾನ ಎನ್ನುವ ಪುಸ್ತಕಗಳು ಬಹಳ. ಹರಟೆಯನ್ನು ಗಂಡಸಿನ ಲೆಕ್ಕಕ್ಕೆ ಬರೆದ ನಮ್ಮ ಹಳ್ಳಿಯ ಕನ್ನಡಕ್ಕೆ ನಾನು ಋಣಿ. ಇವುಗಳಲ್ಲಿ ಒಂದು ಜೋಡಿಯ ಮರಿಗಳಿಗೆ ಗುಂಪಿನ ಉಳಿದವೂ ಗುಟುಕು ತಂದುಕೊಡುತ್ತವೆ. ಆ ಅವಿಭಕ್ತ ಕುಟುಂಬದಲ್ಲಿ ಚಾತಕದ ಮರಿಯೂ ಬೆಳೆದುಹೋಗುತ್ತದೆ.

ಅದೇ ಮಳೆಗಾಲದಲ್ಲಿ ಊರಂಚಿನ ಕೆರೆಯ ಜಾಲಿ, ಈಚಲು ಮರಗಳಲ್ಲಿ ಗೀಜಗನ ಗೂಡುಗಳು ತೂಗುತ್ತವೆ. ಕೋತಿಗೆ ಬುದ್ಧಿ ಹೇಳಲು ಹೋಗಿ ಗೂಡು ಕಳೆದುಕೊಂಡ ಹಕ್ಕಿಯ ಕಥೆ ನಮಗೆಲ್ಲ ಗೊತ್ತು. ಮನೆ ಅಚ್ಚುಕಟ್ಟಾಗಿಟ್ಟ ಸೊಸೆಗೆ ಗೀಜಗನನ್ನು ಹೋಲಿಸಿದ್ದನ್ನೂ ಕೇಳಿದ್ದೇನೆ. ಆದರೆ ಗೂಡು ನೇಯುವುದು ಗಂಡು. ಹಸಿರು ಹುಲ್ಲನ್ನು ಉದ್ದಕ್ಕೆ ಸೀಳಿ ತಂದು ಅರ್ಧ ನೇಯ್ದು, ರೆಕ್ಕೆ ಬಡಿದು ಕರೆಯುತ್ತಾನೆ. ಹೆಣ್ಣು ಬಂದು ಒಳಹೊಕ್ಕು ನೋಡುತ್ತಾಳೆ. ಒಪ್ಪಿಗೆಯಾದರೆ ನಿಲ್ಲುತ್ತಾಳೆ, ಇಲ್ಲದಿದ್ದರೆ ಪಕ್ಕದ ಗೂಡಿಗೆ. ಅವಳು ಮೊಟ್ಟೆಯಿಟ್ಟ ಮೇಲೆ ಈತ ಇನ್ನೊಂದು ಗೂಡಿಗೆ ಕೈಹಾಕುತ್ತಾನೆ, ಇನ್ನೊಬ್ಬಳಿಗಾಗಿ! ವಧುಪರೀಕ್ಷೆಯ ಕೋಣೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ನಮಗೆ ವರಪರೀಕ್ಷೆಯ ಈ ನೋಟ ತಮಾಷೆಯಾಗಿ ಕಾಣುವುದು ಸಹಜ. ಇದನ್ನೆಲ್ಲ ಮೊದಲು ವಿವರವಾಗಿ ಕಂಡು ಬರೆದವರು ಸಲೀಂ ಅಲಿ. 1930ರ ಸುಮಾರಿನಲ್ಲಿ, ಕೆಲಸ ಕಳೆದುಕೊಂಡು ಅಲಿಬಾಗ್ ಬಳಿಯ ಕಿಹಿಮ್‌ನಲ್ಲಿದ್ದಾಗ, ಮನೆಯ ಹತ್ತಿರದ ಗೂಡುಗಳನ್ನೇ ದಿನವೂ ನೋಡಿ ಬರೆದದ್ದು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನವರಾತ್ರಿಯ ಹೊತ್ತಿಗೆ ಅತಿಥಿಗಳು ಬರುತ್ತಾರೆ. ಹಿಮಾಲಯದ ಕಡೆಯಿಂದ ಬಾಲ ಕುಣಿಸುತ್ತ ಬರುವ ಸಿಪಿಲೆ ತಾರಸಿಯ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಬಳಿ ಓಡಾಡುತ್ತದೆ. ಉತ್ತರದ ಕಾಡುಗಳಿಂದ ರಾತ್ರಿಯೆಲ್ಲ ಹಾರಿ ದಣಿದ ನವರಂಗ ಕೆಲವೊಮ್ಮೆ ಹಿತ್ತಿಲಲ್ಲೇ ಬಂದು ಇಳಿಯುತ್ತದೆ. ಇಂಥ ಹಕ್ಕಿಗಳಿಗೆ ಕಾವ್ಯದಲ್ಲಿ ಜಾಗ ಕಡಿಮೆ. ಜಾಗ ಸಿಕ್ಕಿದ್ದು ಹಂಸಕ್ಕೆ. ನಮ್ಮ ಮನೆಗಳ ಗೋಡೆಯ ಮೇಲೆ ರವಿವರ್ಮನ ದಮಯಂತಿಯ ಎದುರಿಗೆ ನಿಂತ ಬೆಳ್ಳನೆಯ ಹಂಸ ಯುರೋಪಿನ ಕೊಳಗಳದು, ನಮ್ಮ ನಾಡಿನದಲ್ಲ. ಹಳೆಯ ಕಾವ್ಯಗಳ ಹಂಸ ಪಟ್ಟೆತಲೆಯ ಹೆಬ್ಬಾತು ಇರಬೇಕೆಂದು ಬಲ್ಲವರು ಹಲವರು ಹೇಳುತ್ತಾರೆ. ಟಿಬೆಟ್ಟಿನ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ, ಚಳಿಗಾಲಕ್ಕೆ ಅದು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬರುತ್ತದೆ. ರಾತ್ರಿ ಹೊಲಗಳಲ್ಲಿ ಮೇದು ಬೆಳಗಾದರೆ ಕೆರೆಗೆ ಮರಳುತ್ತದೆ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಮಾನಸ ಸರೋವರದ ಹಂಸ ಎಂಬ ಮಾತಿನಲ್ಲೂ ಹಾಗಾದರೆ ಸತ್ಯದ ಎಳೆ ಇದೆ. ಹಂಸನಡೆ ಮಾತ್ರ ಅಷ್ಟಕ್ಕಷ್ಟೆ. ಬಾತು ನೆಲದ ಮೇಲೆ ಹೇಗೆ ನಡೆಯುತ್ತದೆ ಎಂದು ನೋಡಿದವರು ಯಾವ ಹುಡುಗಿಗೂ ಆ ಹೊಗಳಿಕೆ ಹೇಳಲಾರರು. ಚಕೋರವಂತೂ ವಾಯುವ್ಯದ ಒಣ ಬೆಟ್ಟಗಳ ಕವುಜುಗ. ಕರ್ನಾಟಕದಲ್ಲಿ ಅದು ಪದಗಳಲ್ಲಿ ಮಾತ್ರ ವಾಸವಾಗಿದೆ.

ಆಧುನಿಕ ಕನ್ನಡ ಈ ಕವಿಸಮಯವನ್ನು ಮುರಿಯಲಿಲ್ಲವೇ ಎಂದು ನೀವು ಕೇಳಬಹುದು. ಮುರಿಯಿತು. ಕುವೆಂಪು ಅವರು ಕಾಜಾಣ, ಪಿಕಳಾರ, ಕಾಮಳ್ಳಿಗಳನ್ನು ಮಲೆನಾಡಿನ ಹೆಸರುಗಳಿಂದಲೇ ಕಾವ್ಯಕ್ಕೆ ಕರೆತಂದರು. ಪೂರ್ಣಚಂದ್ರ ತೇಜಸ್ವಿ ಇನ್ನೂ ಮುಂದೆ ಹೋಗಿ, ಹಕ್ಕಿ ಏನನ್ನೂ ಸೂಚಿಸಬೇಕಾಗಿಲ್ಲ, ಅದು ಹಕ್ಕಿಯಾಗಿದ್ದರೆ ಸಾಕು ಎಂಬಂತೆ ಬರೆದರು. ಹಕ್ಕಿಗಳ ಬಗೆಗಿನ ಅವರ ಪುಸ್ತಕಗಳಿಂದ ಹೆಸರು ಕಲಿತ ಮನೆಗಳು ಕನ್ನಡದಲ್ಲಿ ಎಷ್ಟೋ. ಆ ಉಪಕಾರ ದೊಡ್ಡದು. ಆದರೂ ಒಂದು ಮಾತು ಹೇಳದಿದ್ದರೆ ವಿಮರ್ಶೆಯಾಗುವುದಿಲ್ಲ. ತೇಜಸ್ವಿಯವರ ಹಕ್ಕಿ ಸಿಗುವುದು ಮೂಡಿಗೆರೆಯ ತೋಟದಲ್ಲಿ, ಕಾಡಿನಂಚಿನಲ್ಲಿ, ಕ್ಯಾಮೆರಾ ಹಿಡಿದು ಮರೆಯಲ್ಲಿ ಕೂತ ದೀರ್ಘ ಗಂಟೆಗಳಲ್ಲಿ. ಅವರ ನಂತರ ಬಂದ ಕನ್ನಡದ ಕಾಡುಬರಹದಲ್ಲಿ ಬಹುಪಾಲು ಇದೇ ದಾರಿ: ಜೀಪು, ಟೆಂಟು, ಗೆಳೆಯರ ಗುಂಪು, ಬೆಳಗಿನ ಜಾವದ ಹೊರಡುವಿಕೆ. ಬೆಳಗಿನ ಜಾವ ಡಬ್ಬಿ ಕಟ್ಟುವವರಿಗೆ ಆ ಗಂಟೆಗಳು ಎಲ್ಲಿಂದ ಬರಬೇಕು? ಪ್ರಕೃತಿ ಎಂದರೆ ಹೊರಟು ಹೋಗಿ ನೋಡುವ ಜಾಗ ಎಂದಾದ ಕೂಡಲೇ ಮನೆಯಲ್ಲಿ ಉಳಿದವರು ಓದುಗರಾಗಿಯೇ ಉಳಿಯಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹಕ್ಕಿಗಳಿಗೂ ಅನ್ವಯಿಸಿದಂತಾಯಿತು.

ಆದರೆ ಋತುಮಾನದ ಲೆಕ್ಕ ಬೇರೆ. ಹತ್ತು ಕಾಡುಗಳನ್ನು ಒಮ್ಮೊಮ್ಮೆ ನೋಡಿದವನಿಗೆ ಅದು ಸಿಗುವುದಿಲ್ಲ, ಒಂದೇ ಜಾಗವನ್ನು ದಿನದಿನವೂ ನೋಡಿದವರಿಗೆ ಸಿಗುತ್ತದೆ. ಕಿಹಿಮ್‌ನ ಗೀಜಗನ ಗೂಡುಗಳು ಹೇಳುವುದೂ ಅದನ್ನೇ. ಅಮೆರಿಕದ ಮಾರ್ಗರೆಟ್ ಮೋರ್ಸ್ ನೈಸ್ ಐದು ಹೆಣ್ಣುಮಕ್ಕಳ ತಾಯಿ. 1928ರಿಂದ ಓಹಾಯೊದ ಕೊಲಂಬಸ್ ನಗರದಲ್ಲಿ ತಮ್ಮ ಮನೆಯ ಪಕ್ಕದ ಹೊಳೆದಂಡೆಯ ಗುಬ್ಬಚ್ಚಿ ಜಾತಿಯ ಹಾಡುಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಯಾವುದು ಯಾರ ಮಗ, ಯಾವುದು ಯಾರ ಗಡಿಯಲ್ಲಿ ಹಾಡುತ್ತದೆ ಎಂದು ವರ್ಷಗಟ್ಟಲೆ ಬರೆದಿಟ್ಟರು. 1937 ಮತ್ತು 1943ರಲ್ಲಿ ಎರಡು ಸಂಪುಟಗಳಾಗಿ ಬಂದ ಆ ಟಿಪ್ಪಣಿಗಳು ಪಕ್ಷಿವಿಜ್ಞಾನದ ದಿಕ್ಕನ್ನೇ ಬದಲಿಸಿದವು. ನಮ್ಮಲ್ಲಿ ಜಮಾಲ್ ಆರಾ ಇದ್ದರು. ಬಿಹಾರದಲ್ಲಿ 1923ರಲ್ಲಿ ಹುಟ್ಟಿದ, ಕಾಲೇಜಿನ ಮೆಟ್ಟಿಲು ಹತ್ತದ ಈಕೆ ಛೋಟಾ ನಾಗಪುರದ ಹಕ್ಕಿಗಳ ಬಗ್ಗೆ ದಶಕಗಳ ಕಾಲ ಬರೆದರು. 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನಿಂದ ಮಕ್ಕಳಿಗಾಗಿ ಅವರ ‘ವಾಚಿಂಗ್ ಬರ್ಡ್ಸ್’ ಬಂತು. ಆ ಪುಸ್ತಕ ಓದಿದವರಲ್ಲಿ ಅವರ ಹೆಸರು ನೆನಪಿಟ್ಟವರು ಎಷ್ಟು ಮಂದಿ?

ಹೆಂಗಸರ ಬದುಕಿನಿಂದ ಹುಟ್ಟಿದ ಒಂದು ರೂಪಕ ಹೇಗಿರುತ್ತದೆ ಎಂದು ನೋಡಬೇಕಾದರೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟಿ, ಬೇಸಿಗೆಯಲ್ಲಿ ಮರಿಗಳೊಂದಿಗೆ ಹೊರಡುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಎಂಥ ಸರಿಯಾದ ಮಾತು! ಬರುವ ತಿಂಗಳು, ಇರುವ ಅವಧಿ, ಮೀನಿನ ನಾತ, ಅಂಗಳದ ಗಲೀಜು, ಸಹಿಸಿಕೊಳ್ಳುವ ಅಕ್ಕರೆ, ಹೊರಟಾಗ ಬಿಕೋ ಎನ್ನುವ ಮರ, ಎಲ್ಲವೂ ಅದರೊಳಗಿದೆ. ಆ ಮಾತಿಗೆ ಕವಿಯ ಹೆಸರಿಲ್ಲ. ಆದರೆ ಹಂಸದ ಉಪಮೆ ಯಾವ ಕೆರೆಯನ್ನೂ ಉಳಿಸಲಿಲ್ಲ. ಈ ಉಪಮೆ ಮರಗಳನ್ನು ಉಳಿಸಿತು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವ ಎಷ್ಟೋ ಮೊದಲೇ ಊರು ಅದನ್ನು ತವರೆಂದು ಘೋಷಿಸಿಯಾಗಿತ್ತು.

ಕೊನೆಗೆ ಗುಬ್ಬಚ್ಚಿ. ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ ಮಕ್ಕಳಿಗೆ ತುತ್ತು ಕೊಟ್ಟ ನಮಗೆ ಈ ಹಕ್ಕಿಯ ಮೇಲೆ ಪ್ರೀತಿ ಹೆಚ್ಚು. ಪ್ರತಿವರ್ಷ ಮಾರ್ಚ್ 20ರ ಗುಬ್ಬಚ್ಚಿ ದಿನ ಬಂತೆಂದರೆ ‘ಗುಬ್ಬಿ ಎಲ್ಲಿ ಹೋದೆ’ ಎಂಬ ಲೇಖನಗಳ ಸುರಿಮಳೆ. ಎಲ್ಲದರಲ್ಲೂ ಮೊಬೈಲ್ ಟವರಿಗೆ ಶಾಪ, ಬಾಲ್ಯಕ್ಕೆ ಕಣ್ಣೀರು. ಇದು ನಮ್ಮ ಕಾಲದ ಹೊಸ ಕವಿಸಮಯ. ದೇಶದ ಹದಿನೈದು ಸಾವಿರಕ್ಕೂ ಹೆಚ್ಚು ಹವ್ಯಾಸಿಗಳ ಟಿಪ್ಪಣಿಗಳಿಂದ 2020ರಲ್ಲಿ ಸಿದ್ಧವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ, ಇಪ್ಪತ್ತೈದು ವರ್ಷಗಳಲ್ಲಿ ಗುಬ್ಬಚ್ಚಿ ದೇಶದಾದ್ಯಂತ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗಿದೆ ಎಂದಿತು. 2023ರ ವರದಿಯಲ್ಲಿ ಕೋಗಿಲೆ ಚೆನ್ನಾಗಿಯೇ ಇದೆ. ಗಾಬರಿಪಡಬೇಕಾದ ಪಟ್ಟಿಯಲ್ಲಿ ನಾವು ಹೆಸರೂ ಕೇಳದ ಹುಲ್ಲುಗಾವಲಿನ, ಕೆರೆದಂಡೆಯ ಹಕ್ಕಿಗಳಿವೆ. ಮರಿಗುಬ್ಬಿಗೆ ಹುಳು ಬೇಕು, ಗೂಡಿಗೆ ಹಂಚಿನ ಸಂದು ಬೇಕು. ನಿಮ್ಮ ಬೀದಿಯಲ್ಲಿ ಹುಳುವಿರುವ ಗಿಡ ಎಷ್ಟು ಉಳಿದಿದೆ, ಸಂದಿಲ್ಲದ ಮನೆ ಎಷ್ಟಾಯಿತು ಎಂದು ನೋಡದೆ ಬರೆದ ಶೋಕಗೀತೆ ಗುಬ್ಬಿಗೆ ಯಾವ ಉಪಕಾರವನ್ನೂ ಮಾಡದು.

ನೋಡಿದ್ದನ್ನು ಬರೆದಿಡುವ ಅಭ್ಯಾಸ ನಮಗೆ ಹೊಸದೇನಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವಿದೆ, ಗ್ಯಾಸ್ ಬಂದ ತಾರೀಖಿದೆ, ಮಗುವಿನ ಚುಚ್ಚುಮದ್ದಿನ ದಿನವಿದೆ. ಅದೇ ಚೌಕದಲ್ಲಿ ‘ಸಿಪಿಲೆ ಬಂತು’, ‘ಕೋಗಿಲೆ ಮೊದಲ ಕೂಗು’, ‘ಕಾಗೆ ಕಡ್ಡಿ ಒಯ್ದಿತು’ ಎಂದು ಬರೆಯಲು ಜಾಗ ಧಾರಾಳವಾಗಿದೆ. ನಾಲ್ಕು ವರ್ಷದ ಕ್ಯಾಲೆಂಡರುಗಳನ್ನು ಎಸೆಯದೆ ಇಟ್ಟುಕೊಂಡರೆ ನಿಮ್ಮ ಬೀದಿಯ ಋತುಗಳ ಚರಿತ್ರೆ ಸಿದ್ಧವಾಯಿತು. ಬೇರೆ ಯಾರ ಬಳಿಯೂ ಅದು ಇರುವುದಿಲ್ಲ. ಆಮೇಲೆ ಯಾರಾದರೂ ನಿಮ್ಮ ದನಿಯನ್ನು ಕೋಗಿಲೆಗೆ ಹೋಲಿಸಿದರೆ, ಗಂಡು ಕೋಗಿಲೆಗೋ ಹೆಣ್ಣು ಕೋಗಿಲೆಗೋ ಎಂದು ಕೇಳುವ ಹಕ್ಕು ನಿಮಗೆ ಬಂದಿರುತ್ತದೆ.